ರಹೀಮಬಿಗೆ ಬಂದುಹೋದ ಕಾಮಣಿ

ರಕ್ತದ ರಿಪೋರ್ಟು ಓದಿದ ಡಾಕ್ಟರ್ ಶೈಲಜಾ, ಮುದುಕಿ ರಹೀಮಬಿಯ ಕೈ ಹಿಡಿದುಕೊಂಡರು. "ಅಮ್ಮಾ, ನಿಮಗೇನೂ ಆಗೂದಿಲ್ರಿ. ಈ ಕಾಮಣಿ ನೀವು ಸಣ್ಣವರಿದ್ದಾಗನ ನಿಮಗ ಬಂದು ಹೋಗೇತಿ."

ರಹೀಮಬಿ ನಂಬಲಿಲ್ಲ. ರಾಮದುರ್ಗದ ಅವಳ ಓಣಿಯಲ್ಲಿ ಮನೆಗೊಬ್ಬರು ಈ ಕಾಮಾಲೆ ಬೇನೆಯಿಂದ ಮಲಗಿದ್ದರು. ವಯಸ್ಸಾದವರಿಗೆ ಬಂದರೆ ಜೀವಕ್ಕೇ ಅಪಾಯವೆಂದು ಗೊತ್ತಿದ್ದೂ, ಹದಿನೈದು ದಿನ ಮೊಮ್ಮಗಳು ಮೆಹೆರಾಜಳ ವಾಂತಿ ಬಳಿದು, ಬಟ್ಟೆ ಒಗೆದು, ಅವಳನ್ನು ಉಳಿಸಿಕೊಂಡವಳು ಈ ಮುದುಕಿಯೇ. ಇಂದಲ್ಲ ನಾಳೆ ತನ್ನ ಕಣ್ಣೂ ಹಳದಿಯಾಗುತ್ತವೆಂದು ದಿನವೂ ಅಂಜಿದ್ದಳು.

"ನಾ ಒಂದಿನಾನೂ ಹಾಸಿಗಿ ಹಿಡದಾಕಿ ಅಲ್ರಿ, ಡಾಕ್ಟರ್ ಬಾಯಾರ."

"ಸಣ್ಣ ಮಕ್ಕಳಿಗೆ ಬಂದ್ರ ಎಷ್ಟೋ ಸಲ ಗೊತ್ತ ಆಗೂದಿಲ್ರಿ. ಹೊಳಿ ನೀರು ಕುಡದು ಬೆಳದ ನಿಮ್ಮ ಕಾಲದ ಬಾಳ ಮಂದಿಗೆ ಹಿಂಗ ಬಂದು ಹೋಗೇತಿ. ಆದ್ರ ಮೈ ಅದನ್ನ ಮರೆಯೂದಿಲ್ಲ, ಮತ್ತೊಮ್ಮೆ ಬರಗೊಡೂದಿಲ್ಲ."

ರಹೀಮಬಿ ತನ್ನ ಸುಕ್ಕುಗಟ್ಟಿದ ತೋಳನ್ನು ಬೇರೆ ಯಾರದೋ ಎಂಬಂತೆ ನೋಡಿದಳು. ಹೆತ್ತ ತಾಯಿಯ ಮುಖ ಅವಳಿಗೆ ನೆನಪಿರಲಿಲ್ಲ. ಮೈ ಮಾತ್ರ ಅರವತ್ತು ವರ್ಷ ಒಂದು ಬೇನೆಯನ್ನು ನೆನಪಿಟ್ಟುಕೊಂಡು ಅವಳನ್ನು ಕಾದಿತ್ತು.

ಬೇನೆ ತಗಲದಿರಲೆಂದು ಇಷ್ಟು ದಿನ ಬೀಗರ ಮನೆಯಲ್ಲಿಟ್ಟಿದ್ದ ಕಿರಿಯ ಮೊಮ್ಮಗಳು ಅವಳ ತೊಡೆಯ ಮೇಲಿದ್ದಳು. "ಮತ್ತ ಈಕಿಗೆ ಹೆಂಗ್ರಿ?"

"ಬ್ಯಾನಿ ಬರದನ ಮೈಗೆ ಅದರ ಗುರುತ ಕಲಿಸೂ ಲಸಿಕಿ ಐತ್ರಿ ಈಗ."

ರಹೀಮಬಿ "ಬಿಸ್ಮಿಲ್ಲಾ" ಎಂದು ತಾನೇ ಕೂಸಿನ ಅಂಗಿಯ ತೋಳು ಮೇಲೇರಿಸಿದಳು.