ಸಿನಿಮಾದ ಹುಡುಗನಿಗೆ ಹೇಳಿದ ಹರಕೆ

ಆ ಹಳೆಯ ಕಪ್ಪು-ಬಿಳುಪು ಸಿನಿಮಾದ ತುಣುಕು ಈಗ ಮೊಬೈಲಿನಲ್ಲಿ ಕಂಡರೂ ಸಾಕು, ನನಗೆ ನನ್ನ ಹುಂಜ ನೆನಪಾಗುತ್ತದೆ.

ಬಾಲ್ಯದ ಒಂದು ಮಧ್ಯಾಹ್ನ ಕೋಡಿಂಬಾಳದ ನಮ್ಮ ಮನೆಯ ಟಿವಿಯಲ್ಲಿ ಪುಟ್ಟ ನಟನೊಬ್ಬ ಜ್ವರದಿಂದ "ಅಮ್ಮಾ" ಎಂದು ನರಳುತ್ತಿದ್ದ. ಅಜ್ಜಿಯ ಸೆರಗು ಒದ್ದೆಯಾಗುವಷ್ಟು ಅತ್ತೆ.

"ಹುಡುಗ ಉಳಿಯುದು ಕಷ್ಟ ಮಗಾ. ಗುಳಿಗ ದೈವಕ್ಕೆ ಎಂತಾದ್ರೂ ಹರಕೆ ಹೇಳು," ಎಂದರು ಅಜ್ಜಿ.

ನಾನೇ ಅಕ್ಕಿ ಹಾಕಿ ಸಾಕಿದ ಹುಂಜವನ್ನು ಕೊಡುತ್ತೇನೆಂದು ಕೈಮುಗಿದೆ. ಹುಡುಗ ಕಣ್ಣು ತೆರೆದ.

ಪಕ್ಕದಲ್ಲೇ ಕೂತಿದ್ದ ಮಾವ ಬಿದ್ದು ಬಿದ್ದು ನಕ್ಕರು. "ಎಂತ ಅಮ್ಮ, ಪುತ್ತೂರಿನ ಟಾಕೀಸಲ್ಲಿ ನೀವು ಮೂರು ಸಲ ನೋಡಿದ ಸಿನಿಮಾ ಅಲ್ವಾ ಇದು?"

"ಹಾಗಾದ್ರೆ ನನ್ನ ಹುಂಜ?" ಎಂದೆ.

"ಸಿನಿಮಾ ಸುಳ್ಳು. ಹರಕೆ ಸುಳ್ಳಾಗ್ಲಿಕ್ಕೆ ಉಂಟಾ?" ಎಂದರು ಅಜ್ಜಿ.

ಸಂಕ್ರಮಣದ ದಿನ ಹುಂಜವನ್ನು ಗುಳಿಗನಿಗೆ ಕೊಟ್ಟ ಮೇಲೆ ಅವರು ಅದರ ಸಾರಿನಲ್ಲಿ ಕಾಲಿನ ತುಂಡನ್ನೇ ಹುಡುಕಿ ನನ್ನ ಎಲೆಗೆ ಬಡಿಸಿದರು.

"ಪ್ರಸಾದ ಮಗಾ. ಬಿಡ್ಲಿಕ್ಕಿಲ್ಲ."