ನಿಮ್ದೇ ಅಂಗ್ಡಿ

ಅಂಗಡಿಯಲ್ಲಿ ಆಡಿದ ಮಾತೆಲ್ಲ ಕರಾರುಪತ್ರವೇ ಎಂಬ ಕಾನೂನು ಬಂದ ಮೇಲೆ ಗೋಡೆಗಳಿಗೆ ನಿಜಕ್ಕೂ ಕಿವಿ ಬಂದಿತ್ತು. ಅರಸೀಕೆರೆಯಲ್ಲಿ ಪಾತ್ರೆ ಅಂಗಡಿ ನಡೆಸುವ ಸರ್ವಮಂಗಳಮ್ಮ ತುಟಿ ಬಿಗಿದೇ ವ್ಯಾಪಾರ ಮಾಡುತ್ತಿದ್ದರು. ಆದರೂ ತಂಬಿಗೆ ಕೊಳ್ಳಲು ಬಂದ ಬಸವಲಿಂಗಯ್ಯ ಸಂಕೋಚದಿಂದ ಹೊಸ್ತಿಲಲ್ಲೇ ನಿಂತಾಗ ಅವರ ಬಾಯಿ ಜಾರಿತು.

“ಬನ್ನಿ ಯಜಮಾನ್ರೇ, ನಿಮ್ದೇ ಅಂಗ್ಡಿ.”

ಗೋಡೆಯ ಕಿವಿಯಲ್ಲಿ ಹಸಿರು ದೀಪ ಹತ್ತಿತು. “ಅಂಗಡಿ ಬಸವಲಿಂಗಯ್ಯನವರ ಹೆಸರಿಗೆ ವರ್ಗವಾಗಿದೆ.”

“ಥೂ, ಇದರ ಮನೆ ಹಾಳಾಗ! ಉಪಚಾರಕ್ಕೆ ಒಂದು ಮಾತಾಡೋ ಹಾಗಿಲ್ವಲ್ಲ! ಮೊನ್ನೆನೂ ಹಿಂಗೇ ಆಯ್ತು!” ಸರ್ವಮಂಗಳಮ್ಮ ಹಣೆ ಚಚ್ಚಿಕೊಂಡರು.

ಬಸವಲಿಂಗಯ್ಯ ಗಾಬರಿಯಾದರು. “ಅಯ್ಯೋ, ನಂಗ್ಯಾಕೆ ತಾಯಿ ಅಂಗ್ಡಿ? ತಗೊಳ್ಳಿ, ಇದು ನಿಮ್ದೇ.”

ಮತ್ತೆ ದೀಪ ಹತ್ತಿತು, ಅಂಗಡಿ ಮರಳಿ ಬಂತು. ಸರ್ವಮಂಗಳಮ್ಮನಿಗೆ ಹೋದ ಜೀವ ಬಂದಂತಾಯಿತು. ಕಣ್ತುಂಬಿ ಕೈ ಮುಗಿದರು.

“ನಂದೇನಿದೆ ಸ್ವಾಮಿ, ಎಲ್ಲಾ ನಿಮ್ದೇ.”

ಈ ಸಲ ಕಿವಿ ಅವರ ಮನೆಯನ್ನೂ ಸೇರಿಸಿ ಓದಿತು.