ಸ್ಟೂಲಿನ ನಾಲ್ಕನೇ ಕಾಲು

"ನೀರು ಚೆನ್ನಾಗಿ ಕುದೀಲಿ. ಮರದ ಅಂಟೂ ಅಷ್ಟೇ, ಬಿಸಿಯಾದಷ್ಟೂ ಹಿಡಿತ ಜಾಸ್ತಿ," ಎನ್ನುತ್ತ ಮರಗೆಲಸದ ಮೇಷ್ಟ್ರು ಯೀಸ್ಟಿನ ಬಟ್ಟಲಿಗೆ ಕುದಿಯುವ ನೀರನ್ನು ಸುರಿದೇಬಿಟ್ಟರು.

ಅಡುಗೆ ಟೀಚರಿಗೆ ಜ್ವರ ಬಂದು, ಒಂಬತ್ತನೇ ತರಗತಿಯ ಬನ್ನಿನ ಪಾಠ ಮೇಷ್ಟ್ರ ಕೊರಳಿಗೆ ಬಿದ್ದಿತ್ತು. ಹುಟ್ಟಿದಾಗಿನಿಂದ ಅವರು ಒಲೆ ಹಚ್ಚಿದವರಲ್ಲ. ಹಾಗಂತ 'ನನಗೆ ಬರೋದಿಲ್ಲ' ಎಂದು ಒಪ್ಪಿಕೊಳ್ಳುವ ಪೈಕಿಯೂ ಅಲ್ಲ. ಟೀಚರ್ ಕಳಿಸಿದ ಚೀಟಿಯಲ್ಲಿ ಅಳತೆ ಬರೆದಿತ್ತಲ್ಲ, ಸಾಕು! ಅಳತೆಯಲ್ಲಿ ಅವರನ್ನು ಮೀರಿಸುವವರು ಯಾರು? ಶಾಲೆಗೆ ಶಾಲೆಯೇ ಅವರನ್ನು ಮಿಲಿಮೀಟರ್ ಮೇಷ್ಟ್ರು ಎಂದು ಕರೆಯುತ್ತಿತ್ತು. ಆದರೆ ಚೀಟಿಯಲ್ಲಿ 'ಬಿಸಿ ನೀರು, ಎರಡು ಲೋಟ' ಎಂದಿತ್ತೇ ಹೊರತು ಎಷ್ಟು ಬಿಸಿ ಎಂದಿರಲಿಲ್ಲ.

"ಸಾರ್, ನೀರು ಉಗುರುಬೆಚ್ಚಗಿದ್ರೆ ಸಾಕು ಅನ್ಸುತ್ತೆ. ಟೀಚರ್ ಬೆರಳು ಅದ್ದಿ ನೋಡ್ತಾರೆ," ಎಂದಳು ಮುಂದೆ ನಿಂತ ಹುಡುಗಿ. ಮಾತಿಗೆ ಮಾತು ಪಟಪಟ ಸಿಡಿಸುವ ಅವಳನ್ನು ಎಲ್ಲರೂ ಚಿನಕುರುಳಿ ಎನ್ನುತ್ತಿದ್ದರು.

"ಬೆರಳು ಅಳತೆಯ ಉಪಕರಣ ಅಲ್ಲಮ್ಮ. ನೀನು ಮೊದಲು ನಿನ್ನ ಸ್ಟೂಲಿನ ಕಾಲು ನೋಡ್ಕೋ."

ತರಗತಿ ಗೊಳ್ಳೆಂದಿತು. ಚಿನಕುರುಳಿ ತುಟಿ ಕಚ್ಚಿಕೊಂಡಳು. ಅವಳ ಸ್ಟೂಲನ್ನು ಮೇಷ್ಟ್ರು ನಾಲ್ಕು ಸಲ ವಾಪಸು ಕಳಿಸಿದ್ದರು. ಒಂದು ಕಾಲು ಉದ್ದವಾಯಿತೆಂದು ಕೊಯ್ದರೆ ಇನ್ನೊಂದು ಉದ್ದವಾಗುವುದು. ಈಗ ನಾಲ್ಕನೆಯದು ಮೂರು ಮಿಲಿಮೀಟರ್ ಗಿಡ್ಡ. ಇನ್ನೊಂದು ಸುತ್ತು ಕೊಯ್ದರೆ ಅದು ಸ್ಟೂಲಾಗಿ ಉಳಿಯದೆ ಮಣೆಯಾಗುತ್ತಿತ್ತು. ಸಂಜೆಯೊಳಗೆ ಅಂಕದ ಪುಸ್ತಕ ಹೆಡ್ ಮೇಡಂ ಮೇಜು ಸೇರಬೇಕು. ಸ್ಟೂಲು ಪಾಸಾಗದಿದ್ದರೆ ಮುಂದಿನ ವರ್ಷ ಅವಳಿಗೆ ಮರಗೆಲಸದ ತರಗತಿ ಇಲ್ಲ. ಅವಳಿಗೋ ಬಡಗಿಯಾಗುವುದೊಂದೇ ಹುಚ್ಚು. ಅದು ಮೇಷ್ಟ್ರಿಗೂ ಗೊತ್ತು. ಅಷ್ಟು ಅಕ್ಕರೆಯಿಂದ ಉಳಿ ಹಿಡಿಯುವ ಇನ್ನೊಂದು ಮಗುವನ್ನು ಅವರು ಕಂಡಿರಲಿಲ್ಲ, ಪಾಪ ಎನಿಸುತ್ತಿತ್ತು. ಆದರೆ ಅಲ್ಲಾಡುವ ಸ್ಟೂಲಿಗೆ ಅಂಕ ಕೊಡಲು ಅವರ ಕೈ ಬರುತ್ತಿರಲಿಲ್ಲ.

ಇತ್ತ ಕುದಿನೀರಿಗೆ ಯೀಸ್ಟು ಸತ್ತು ಹಿಟ್ಟು ಉಬ್ಬಲಿಲ್ಲ. ಒಂದು ಗಂಟೆ ಕಾದರು, ಜಪ್ಪಯ್ಯ ಎಂದರೂ ಮೇಲೇಳಲಿಲ್ಲ. "ಓವನ್ ಒಳಗೆ ಉಬ್ಬುತ್ತೆ ಬಿಡ್ರೋ," ಎಂದು ಧೈರ್ಯ ಹೇಳಿ, ಒಂದೊಂದು ಉಂಡೆಯನ್ನೂ ಸ್ಕೇಲಿನಿಂದ ಅಳೆದು, ಇಪ್ಪತ್ತನಾಲ್ಕು ಬನ್ನುಗಳನ್ನು ಒಳಗೆ ತಳ್ಳಿಸಿದರು. ಹೊರಗೆ ಬಂದವು ನೋಡಿ, ಅಳತೆ ಎಂದರೆ ಅಳತೆ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ! ಕಚ್ಚಿ ನೋಡಿದ ಹುಡುಗ ಮಾತ್ರ ದವಡೆ ಹಿಡಿದುಕೊಂಡು ಕೂತ. ಮೇಷ್ಟ್ರ ಕೈಜಾರಿದ ಒಂದು ಬನ್ನು ಟಣ್ಣೆಂದು ನೆಲಕ್ಕೆ ಬಡಿದು, ಪುಟಿದು, ಬೀರುವಿನ ಅಡಿಗೆ ಉರುಳಿಹೋಯಿತು. ಮಕ್ಕಳು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

ಅಷ್ಟರಲ್ಲಿ ಕಾರಿಡಾರಿನಲ್ಲಿ ಹೆಡ್ ಮೇಡಂ ಚಪ್ಪಲಿಯ ಸದ್ದು. ಮೇಷ್ಟ್ರು ತಟ್ಟೆಯನ್ನು ಮತ್ತೆ ಓವನ್ನಿಗೆ ತಳ್ಳಿ ಬಾಗಿಲು ಮುಚ್ಚಿದರು.

"ಏನ್ ಮೇಷ್ಟ್ರೇ, ನನಗೊಂದು ಬನ್ನು ಇಟ್ಟಿದ್ದೀರಾ?"

"ಅಯ್ಯೋ, ಒಂದೂ ಉಳೀಲಿಲ್ಲ ಮೇಡಂ! ಮಕ್ಕಳು ತಿಂದು ಮುಗಿಸಿಬಿಟ್ರು."

ಮಕ್ಕಳು ಏಪ್ರನ್ನನ್ನು ಬಾಯಿಗೆ ಅಡ್ಡ ಹಿಡಿದು ನಗು ನುಂಗಿಕೊಂಡರು. ಪುಣ್ಯಕ್ಕೆ ಒಬ್ಬರೂ ಬಾಯಿ ಬಿಡಲಿಲ್ಲ. ಮೇಡಂ ಅತ್ತ ಹೋದದ್ದೇ ತಡ, ಇಪ್ಪತ್ತಮೂರು ಬನ್ನು ಮೇಷ್ಟ್ರ ಕೈಚೀಲ ಸೇರಿದವು.

ಸಂಜೆ ಮರಗೆಲಸದ ಕೋಣೆಯಲ್ಲಿ ಮೇಷ್ಟ್ರು ಅಂಕದ ಪುಸ್ತಕ ಬಿಚ್ಚಿ ಕೂತಿದ್ದಾಗ, ಚಿನಕುರುಳಿ ಸ್ಟೂಲು ಹೊತ್ತು ತಂದು ಅವರ ಮುಂದೆ ದಡ್ಡೆಂದು ಇಟ್ಟಳು. ಮೇಷ್ಟ್ರು ಅದರ ಮೇಲೆ ಕುಳಿತರು. ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು. ಊಹೂಂ, ಅಲುಗಲಿಲ್ಲ. ಬೋರಲು ಹಾಕಿ ನೋಡಿದರೆ ನಾಲ್ಕನೇ ಕಾಲಿನ ತುದಿಗೆ ಕಂದುಬಣ್ಣದ ಬಿಲ್ಲೆಯೊಂದು ಅಂಟಿತ್ತು. ಸ್ಕೇಲು ಹಿಡಿದರು. ಸರಿಯಾಗಿ ಮೂರು ಮಿಲಿಮೀಟರ್.

"ಇದ್ಯಾವ ಮರಾನೇ?"

"ಬೀರು ಅಡಿಗೆ ಹೋಗಿತ್ತಲ್ಲ ಸಾರ್, ಅದು. ಮರದ ಚಕ್ಕೆ ಹಾಕಿ ನೋಡ್ದೆ, ಅಷ್ಟು ತೆಳ್ಳಗೆ ಕೊಯ್ದ್ರೆ ಸೀಳಿಹೋಗುತ್ತೆ. ಇದು ಸೀಳಲಿಲ್ಲ. ಗರಗಸದಲ್ಲಿ ಕೊಯ್ದು, ಉಪ್ಪುಕಾಗದದಲ್ಲಿ ಉಜ್ಜಿ, ಅಂಟು ಕಾಯಿಸಿ ಅಂಟಿಸ್ದೆ. ಬಿಸಿಯಾದಷ್ಟೂ ಹಿಡಿತ ಜಾಸ್ತಿ ಅಲ್ವಾ ಸಾರ್?"

ಮೇಷ್ಟ್ರ ಕಿವಿ ಕೆಂಪಾಯಿತು. "ಅಲ್ಲ ಕಣೇ, ನಾಳೆ ಇಲಿ ಬಂದು ತಿಂದ್ರೆ?"

"ಅಂಥ ಹಲ್ಲು ಇಲಿಗೆ ಎಲ್ಲಿಂದ ಬರಬೇಕು ಸಾರ್?"

ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಪೆನ್ನು ಹಿಡಿದು ಅವಳ ಹೆಸರಿನ ಮುಂದೆ 'ಪಾಸು' ಎಂದು ಬರೆದರು. ಪಕ್ಕದ ಅಂಕಣ 'ಬಳಸಿದ ವಸ್ತುಗಳು'. ಅಲ್ಲಿ ಒಂದು ಮೊಳೆ ಬಿಟ್ಟುಹೋದರೂ ಮಕ್ಕಳ ಅಂಕ ಕತ್ತರಿಸುವವರು ಅವರೇ. 'ಮರ, ಮೊಳೆ, ಅಂಟು' ಎಂದು ಬರೆದ ಪೆನ್ನು ನಿಂತಿತು. ಹೆಡ್ ಮೇಡಂ ಈ ಪುಸ್ತಕವನ್ನು ಸಾಲು ಬಿಡದೆ ಓದುತ್ತಾರೆ. ಒಳ್ಳೆಯ ಸಾಲು ಸಿಕ್ಕರೆ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳುತ್ತಾರೆ.

ಚಿನಕುರುಳಿ ಪುಸ್ತಕದ ಮೇಲೆ ಬಗ್ಗಿ ನೋಡಿದಳು.

ಮೇಷ್ಟ್ರು ಕನ್ನಡಕ ಏರಿಸಿಕೊಂಡು, ಒಂದೊಂದು ಅಕ್ಷರವನ್ನೂ ದುಂಡಗೆ ಬರೆದು ಸೇರಿಸಿದರು: 'ನಾನು ಮಾಡಿದ ಬನ್ನು, ಒಂದು ಹೋಳು.'